ಕುದುರೆ ಇಳಿಸುವುದು

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲು,
ಟವೆಲಿನ ಮೇಲೆ ನಡು ಮುರಿದು ಮಲಗಿಸಿದ ಕೋವಿ.
ಒಂದೇ ನಳಿಗೆ. ತೋಟಾಕ್ಕೆ ಒಂದೇ ಗೂಡು.
ಹಿಡಿಯ ಮರದಲ್ಲಿ ಯಾರದೋ ಚಾಕು
ಅರ್ಧ ಕೆತ್ತಿ ಬಿಟ್ಟ ಹೆಸರು.

"ಹಿಂದಿನಿಂದ ಇಣುಕು" ಅಂದರು ಅತ್ತೆ ಆರ್ಲಿಸ್.
ನೇಸರಾ ಇಣುಕಿದಳು.
"ಖಾಲಿ."
ಕೋವಿ ಅವರ ಕೈಗೆ ಹೋಗಿ ಮತ್ತೆ ಇವಳ ಕೈಗೆ ಬಂತು.
"ನೋಡು."
"ಈಗತಾನೇ ನೋಡಿದೆನಲ್ಲಜ್ಜಿ!"
"ಕೈ ಬದಲಾಯಿತು. ನೋಡು."

ಹತ್ತು ವರ್ಷದ ಹೆಬ್ಬೆರಳಿಗೆ ಕುದುರೆ ಜಗ್ಗಲಿಲ್ಲ.
ನಾಲಿಗೆ ಕಚ್ಚಿ ಒತ್ತಿದಳು, ಉಸಿರು ಕಟ್ಟಿ ಒತ್ತಿದಳು.
ನಮ್ಮ ಕಡೆ ಇದನ್ನು ಕುದುರೆ ಅನ್ನುತ್ತಾರೆ ಅಂದೆ,
ಸುಮ್ಮನೆ, ಏನಾದರೂ ಹೇಳಬೇಕಲ್ಲ ಎಂದು.
ಅತ್ತೆಗೆ ಆ ಮಾತು ಹಿಡಿಸಿತು.
"ಕೂಡ್ರೆ" ಅಂದರು, ವಿಸ್ಕಾನ್ಸಿನ್ನಿನ ನಾಲಿಗೆಯಲ್ಲಿ.
ಧಾರವಾಡದ ನನ್ನ ಕಿವಿಗೆ ಅದು
ಕೂತುಕೋ ಎಂದ ಹಾಗೆ ಕೇಳಿ
ಒಬ್ಬಳೇ ನಕ್ಕೆ.

ಐದು ತೋಟಾದ್ದು ಗೋಡೆಗೆ ತೂಗುತ್ತಿದೆಯಲ್ಲ,
ಮಗುವಿಗೆ ಅದೇ ಸಲೀಸಲ್ಲವೇ, ಕೇಳಿದೆ.
ಆರ್ಲಿಸ್ ಕಾಫಿಯ ಲೋಟ ಕೆಳಗಿಟ್ಟರು.
ಹನ್ನೆರಡರಲ್ಲಿ ತಾವು ಐದೂ ಹೊಡೆದದ್ದು,
ನಾಲ್ಕು ಗಾಳಿಗೆ, ಒಂದು ಹಿಂಗಾಲಿಗೆ.
ಅಪ್ಪನ ಬೆನ್ನ ಹಿಂದೆ ಮೂರು ದಿನ ಜೌಗು ತುಳಿದದ್ದು,
ಬೂಟಿನೊಳಗೆ ಮಂಜುಗಡ್ಡೆಯ ನೀರು.
ಸಿಕ್ಕಿತೇ ಎಂದು ನಾನು ಕೇಳಲಿಲ್ಲ.
"ಎರಡನೆಯದು ಇದೆ ಅನ್ನಿಸಿದರೆ
ಮೊದಲನೆಯದು ಹಗುರಾಗಿಬಿಡುತ್ತೆ"
ಅಂದು ಟವೆಲು ಮಡಚಿದರು.

ಅಕ್ಟೋಬರಿನ ಶನಿವಾರ, ಮಕ್ಕಳಿಗೆಂದೇ ಬಿಟ್ಟ ಎರಡು ದಿನ.
ರೈಸ್ ಲೇಕಿನಾಚೆ, ಓಕ್ ಮರದ ಬುಡದಲ್ಲಿ ಮೂವರು.
ಮೊಣಕಾಲು ಮುಟ್ಟುವ ಕಿತ್ತಳೆ ಅಂಗಿಯಲ್ಲಿ ನನ್ನ ಮಗಳು,
ತೋಳಿನಳತೆಯಲ್ಲಿ ಅವಳಜ್ಜಿ,
ಹಿಂದೆ ನಾನು, ಫ್ಲಾಸ್ಕು ಹೊರುವವಳು,
ಬಾಯಿ ತೆರೆಯಕೂಡದವಳು.
ಚೀಸಿನ ತುಣುಕು ಮಗುವಿನ ಹಲ್ಲಿನಲ್ಲಿ ಕಿಚಕ್ ಅಂದರೂ
ಅತ್ತೆಯ ಹುಬ್ಬು ಏಳುತ್ತಿತ್ತು.
ಕೂಡ್ರೆ. ಕೂಡ್ರೆ. ಕೂತೆವು.

ಕೊಯ್ದ ಜೋಳದ ಕೂಳೆಯಂಚಿಗೆ ಬಂತು,
ಬಂದದ್ದು ಕಾಣಲಿಲ್ಲ, ಇದ್ದದ್ದು ಕಂಡಿತು.
ನೇಸರಾ ಕುದುರೆ ಎಳೆದಳು.
ಕಟಕ್.
ಜಿಂಕೆ ತಲೆಯೆತ್ತಿತು. ಒಂದು ಕಿವಿ ನಮ್ಮ ಕಡೆ,
ಇನ್ನೊಂದು ಬೇರೆಲ್ಲೋ.

ಬೆನ್ನ ಹಿಂದಿನಿಂದ ನನಗೆ ಕಂಡದ್ದು
ಮಗಳ ಕತ್ತಿನ ನರ ಮಾತ್ರ.
ಕೋವಿಯ ತುದಿ ನೆಲಕ್ಕೆ ಬಾಗಿತು.
ಅಜ್ಜಿ ಉಸಿರೆತ್ತಲಿಲ್ಲ.
ಬೆವೆತ ಹೆಬ್ಬೆರಳು ಕುದುರೆಯ ಮೇಲೆ,
ತೋರುಬೆರಳು ಟ್ರಿಗರಿನ ಮೇಲೆ,
ಒಂದು ಬಿಡಬೇಕು, ಒಂದು ಹಿಡಿದಿರಬೇಕು,
ತುಂಬಿದ ಕೊಡ ಇಳಿಸಿದ ಹಾಗೆ
ಇಳಿಸಿದಳು.
ನನಗೆ ಗೊತ್ತಿದ್ದ ದೇವರೆಲ್ಲ ಆಗ ಆ ಹೆಬ್ಬೆರಳಿನಲ್ಲಿದ್ದರು.

"ಟ್ರಾಕ್ಟರ್" ಅಂದಳು ಪಿಸುದನಿಯಲ್ಲಿ.
ಆಮೇಲೆ ನಮಗೂ ಕಂಡಿತು.
ಜಿಂಕೆಯ ಆಚೆ, ಬೋಳು ಕೊಂಬೆಗಳ ಸಂದಿಯಲ್ಲಿ
ಹಾಲ್ವರ್ಸನ್ನರ ಹಸಿರು ಟ್ರಾಕ್ಟರು,
ಮೇಲೆ ಟೋಪಿ ಹಾಕಿದ ಯಾರೋ,
ಬಹುಶಃ ಸೀಟಿ ಹಾಕುತ್ತಾ.

ಇಲ್ಲಿಗೆ ನಿಲ್ಲಿಸಿದರೆ ಚೆಂದ, ಆದರೆ ಸುಳ್ಳು.
ಮರುದಿನ ಬೆಳಗ್ಗೆ ಹೊಡೆದಳು.
ಒಂದೇ ತೋಟಾ. ಮೂವತ್ತು ಹೆಜ್ಜೆ ಓಡಿ ಬಿತ್ತು.
ಹತ್ತಿರ ಹೋಗಿ, ಕೈಗವಸು ಬಿಚ್ಚಿ
ಅದರ ಕಿವಿ ಮುಟ್ಟಿದಳು, ಬಹಳ ಹೊತ್ತು.
ಅಳುತ್ತಾಳೆಂದುಕೊಂಡೆ. ಹಸಿವು ಅಂದಳು.
ರಾತ್ರಿ ಅತ್ತೆ ಈರುಳ್ಳಿ ಹೆಚ್ಚಿದರು,
ನಾನು ಹಸಿಮೆಣಸಿನಕಾಯಿ.

ಬಾಣಲೆ ಚರ್ ಎನ್ನುತ್ತಿರಲು ಆರ್ಲಿಸ್
ಡುಲೂತಿನ ತಂಗಿಗೆ ಫೋನು ಹಚ್ಚಿದರು.
ಭಾನುವಾರದ ಸುದ್ದಿ ಒಂದು ಸಾಲು.
ಶನಿವಾರದ್ದೇ ಶುರು, ಮುಗಿಯಲೇ ಇಲ್ಲ.
ಫೋನು ಕಿವಿಗೆ, ಇನ್ನೊಂದು ಕೈ ಗಾಳಿಯಲ್ಲಿ,
ಹೆಬ್ಬೆರಳು ಬಾಗಿಸಿ, ನಿಧಾನ, ನಿಧಾನ,
ಇಲ್ಲದ ಕುದುರೆಯೊಂದನ್ನು ಇಳಿಸುತ್ತಾ.