ಹಾಜರಿ ಪುಸ್ತಕ

ಮೊದಲ ಸಭೆಗೆ ಬಂದವರು ನಾಲ್ವರು;
ಇಬ್ಬರು ಮಳೆಗೆಂದು ನಿಂತವರು.
ಎರಡನೆಯದಕ್ಕೆ ಸೋಡಾ ಕೊಟ್ಟೆವು: ಅರವತ್ತು.
ನೀರಿನ ಹುಳದ ಚಿತ್ರ ಬಿಡಿಸಿಡುವಷ್ಟರಲ್ಲಿ
ಬೆಂಚಿನ ಮೇಲೆ ಬರೀ ಬಾಟಲಿಗಳು.

ಮೂರನೆಯ ಸಂಜೆ, ಎಂಬಿಟಾದ ಸರೋವರದ ದಡದಲ್ಲಿ
ಮೀನು ಸೀಳುತ್ತಲೇ ಅಪೊಂಡಿ ಶುರುಮಾಡಿದಳು:
ಮಗನ ಹೊಟ್ಟೆ ಉಬ್ಬಿದಾಗ
ನೆರೆಯವಳ ಕಣ್ಣು ತಗುಲಿತೆಂದು
ಎರಡು ವರ್ಷ ಮಾತು ಬಿಟ್ಟದ್ದು.
ಆ ನೆರೆಯವಳೂ ಅಲ್ಲೇ ಇದ್ದಳು,
ಮುಷ್ಟಿಯಲ್ಲಿ ಉಪ್ಪು ಹಿಡಿದು.

ಯಾರೂ ಕೆಮ್ಮಲಿಲ್ಲ.
ಆಮೇಲೆ ಒವಿನೊ ಕೇಳಿದ,
"ಆ ಹುಳದ ಚಿತ್ರ ಇನ್ನೊಮ್ಮೆ ತೋರಿಸ್ತೀರಾ?"

ವರದಿಯಲ್ಲಿ ಒಂದೇ ಕಾಲಂ: ಬಂದವರೆಷ್ಟು.
ಬರೆದೆ: ಇಪ್ಪತ್ತಮೂರು.
ಆ ಮುಷ್ಟಿ ಬಿಚ್ಚಿ
ಅಪೊಂಡಿಯ ಮೀನಿಗೆ ಉಪ್ಪು ಸವರಿದ್ದಕ್ಕೆ
ಜಾಗವಿರಲಿಲ್ಲ;
ಅಂಚಿನಲ್ಲೊಂದು ಚುಕ್ಕೆಯಿಟ್ಟೆ.