ಹನ್ನೊಂದೂವರೆ

ರುವಿಯ ಗಲ್ಲಿಯಲ್ಲಿ ಬಿಸಿಲಿಗೆ ಬಾಡಿಗೆಯಿಲ್ಲ.
ಆದರೂ ನಾವು ಮೂವರು
ಅದನ್ನು ಬಾಟಲಿಯಲ್ಲಿ ಕೊಂಡು ತಂದೆವು,
ಮೂರು ರಿಯಾಲು, ಪಾಲು ಹಾಕಿ.

ಹಸಿರು ಮುತ್ತಿನಂಥ ಗುಳಿಗೆ, ವಾರಕ್ಕೊಂದು,
ಶುಕ್ರವಾರ ಮೀನುಸಾರಿನ ಊಟದ ಮೇಲೆ.
ಎಣ್ಣೆಪಸೆ ಇದ್ದರೆ ಮೈಗೆ ಹತ್ತುತ್ತದೆಂದು
ಮೊಯ್ದಿನಬ್ಬ ಎಲ್ಲಿಂದಲೋ ಕೇಳಿ ಬಂದಿದ್ದ.
ಲೋಹಿತಾಕ್ಷ ಅದನ್ನೂ ಪ್ರಸಾದದ ಹಾಗೆ
ಬಲಗೈಯಲ್ಲೇ ಇಸಿದುಕೊಳ್ಳುವನು.
ನಾನು ನೀರಿಲ್ಲದೆ ನುಂಗುತ್ತಿದ್ದೆ.
ಕಂಡಂತೆ ಅಷ್ಟೇ ವ್ಯತ್ಯಾಸ.

ಮೂರು ತಿಂಗಳಾದ ಮೇಲೆ
ಹಮ್ರಿಯಾದ ಕ್ಲಿನಿಕ್ಕಿನ ಕಾಗದ ಬಂತು:
ಮೊಯ್ದಿನಬ್ಬ ನಲವತ್ತೆರಡು,
ಲೋಹಿತಾಕ್ಷ ಮೂವತ್ತು ಚಿಲ್ಲರೆ,
ನಾನು ಹನ್ನೊಂದೂವರೆ.
ಶುರುವಿಗೆ ಒಂಬತ್ತಿತ್ತು.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.
"ನುಂಗಿದೆಯೋ, ಊರಿಗೆ ಕಳಿಸಿದೆಯೋ?"
ಕೋಣೆಯಲ್ಲಿ ಅದು ನಗೆಯಾಗಿ ಸುತ್ತಾಡಿತು.
ಆ ರಾತ್ರಿ ನನ್ನ ಪೆಟ್ಟಿಗೆಯ ಬೀಗ
ಯಾರೋ ಮುಟ್ಟಿದಂತೆ ಓರೆಯಾಗಿತ್ತು.
ಕೇಳಲಿಲ್ಲ. ಆರು ಅಡಿಗೆ ಮೂರು ಮಂಚ,
ಕೇಳಿದರೆ ಕೋಣೆ ಒಡೆಯುತ್ತದೆ.

ರಕ್ತ ತೆಗೆಯುವ ಜೆಸಿಂತಾ ಕಿನ್ನಿಗೋಳಿಯವಳು.
ಹತ್ತಿ ಒತ್ತಿ ಹಿಡಿದು ಅಂದಳು:
"ಹಾಗೂ ಉಂಟು ಮಾರಾಯ್ರೆ.
ಈ ವಿಟಮಿನ್ನು ತಾನಾಗಿ ನಡೆಯುವುದಿಲ್ಲ,
ರಕ್ತದಲ್ಲಿ ಹೊರಲು ಒಬ್ಬ ಹಮಾಲ ಬೇಕು.
ಕೆಲವರ ಹಮಾಲನ ಹಿಡಿತ ಸಡಿಲ.
ಲಿವರಿನಲ್ಲಿ ಅದನ್ನು ಪಾಕಕ್ಕೆ ತರುವ ಕೈಯೂ
ಒಬ್ಬೊಬ್ಬರದು ಒಂದೊಂದು ವೇಗ.
ಅಪ್ಪನಿಂದ ಒಂದು ಬರುತ್ತದೆ, ಅಮ್ಮನಿಂದ ಒಂದು,
ಎರಡೂ ಮಂದವಾಗಿಬಿಟ್ಟರೆ..."
ಟ್ಯೂಬಿಗೆ ಹೆಸರು ಅಂಟಿಸಿದಳು.
"ನಿಮ್ಮದು ಅದೇ ಅಂತ ಹೇಳಲಾರೆ.
ಆ ಪರೀಕ್ಷೆ ನಮ್ಮಲ್ಲಿಲ್ಲ."

ಅಮ್ಮ ಕಡಲಬದಿಯಲ್ಲಿ ಮೀನು ಒಣಹಾಕುವವಳು.
ಹೊತ್ತು ಮೂಡಿದಲ್ಲಿಂದ ಕಂತುವತನಕ
ಬಿಸಿಲಲ್ಲೇ ಬೆಂದವಳು.
ಆದರೂ ಎಲುಬೊಳಗೆ ನೋವು ಎನ್ನುತ್ತಿದ್ದಳು.
ಕೆಲಸಕ್ಕೆ ನೆವ ಎಂದರು ಮನೆಯಲ್ಲಿ.
ನಾನೂ ಅಂದಿದ್ದೆ, ಒಮ್ಮೆ,
ಹದಿನಾರರ ಬಾಯಲ್ಲಿ.

ಇಪ್ಪತ್ತೆರಡು ವರ್ಷದಿಂದ ದಿಶ್ದಾಶಾ ಹೊಲಿಯುತ್ತೇನೆ.
ದೂರಕ್ಕೆ ಎಲ್ಲ ಬಿಳಿ, ಎಲ್ಲ ಒಂದೇ.
ಟೇಪು ಹಿಡಿದರೆ ಒಬ್ಬನ ಹೆಗಲು ಇಳಿಜಾರು,
ಒಬ್ಬನ ಎಡತೋಳು ಅರ್ಧ ಇಂಚು ಗಿಡ್ಡ.
ಅಣ್ಣನ ಅಳತೆಗೇ ತಮ್ಮನದೂ ಕತ್ತರಿಸಿದ
ಹೊಸ ಹುಡುಗನಿಗೆ ನಾನೇ ಬೈದಿದ್ದೇನೆ.
ಅದೇ ನಾನು ಬಾಟಲಿಯ ಮೇಲಿನ ಅಳತೆಯನ್ನು
ಮರುಮಾತಿಲ್ಲದೆ ತೊಟ್ಟುಕೊಂಡೆ.

ಡಾಕ್ಟರು ಪ್ರಮಾಣ ಬದಲಿಸಿ ಬರೆದರು,
ಎರಡು ತಿಂಗಳಿಗೆ ಮತ್ತೆ ರಕ್ತ ಎಂದರು.
ಶುಕ್ರವಾರ ಮೊಯ್ದಿನಬ್ಬನೇ ಮುಚ್ಚಳ ತಿರುಗಿಸಿ
ನನ್ನ ಅಂಗೈಗೆ ಎರಡು ಎಣಿಸಿದ.
ನೀರಿನ ಲೋಟವನ್ನೂ ಮುಂದಿಟ್ಟ.
ಬೀಗದ ಸುದ್ದಿ ಯಾರೂ ಎತ್ತಲಿಲ್ಲ.

ಊರಲ್ಲಿ ತಂಗಿ ವಾರಿಜಳಿಗೆ ಈಗ
ಅಮ್ಮನದೇ ನಡಿಗೆ,
ಮೆಟ್ಟಿಲಿಗೆ ಕೈಯೂರಿ ಹತ್ತುತ್ತಾಳಂತೆ.
ಮೊದಲು ರಕ್ತ ಕೊಟ್ಟು ಬಾ ಎಂದು ಫೋನು ಮಾಡಿದೆ.
ಕಡಿಮೆ ಬಂದರೆ, ಡಾಕ್ಟರೇ,
ನೀವಂದದ್ದು ನಿಜವಾಗುತ್ತದೆ:
ಒಂದು ಬಾಟಲಿ ಊರಿಗೆ ಕಳಿಸುತ್ತೇನೆ.