ಬೋಂಡ ಹಾಕಿದ ದಾರಿ

ಕತ್ರಿಗುಪ್ಪೆಯ ಹತ್ತಡಿ ಹುಲ್ಲಿಗೆ
ನಾನಿಟ್ಟ ಕಾವಲು ಒಂದೆರಡಲ್ಲ:
ಅಂಚಿಗೆ ಕಿತ್ತಳೆ ಸಿಪ್ಪೆ, ಕಾಫಿ ಚರಟ,
ಕನಕಾಂಬರದ ಬುಡಕ್ಕೆ ಕೋಳಿಗೂಡಿನ ಜಾಲರಿ.
ಬೋಂಡ ಸಿಪ್ಪೆ ಮೂಸಿ ಸೀನಿತು,
ಚರಟದ ಮೇಲೆ ಹೊರಳಿ
ಇಡೀ ದಿನ ದರ್ಶಿನಿಯ ಹಾಗೆ ಘಮಘಮಿಸಿತು.

ಅದು ಉಚ್ಚೆ ಹೊಯ್ದಲ್ಲೆಲ್ಲ ಹಳದಿ ಬಿಲ್ಲೆ.
ಚೊಂಬು ಹಿಡಿದು ಹಿಂದೆಯೇ ಓಡಿದೆ,
ಟ್ಯಾಂಕರ್ ನೀರು, ಲೆಕ್ಕವಿಟ್ಟು ಸುರಿದೆ.
ತಾರಸಿಯಿಂದ ಸಗಾಯಮೇರಿ ನಕ್ಕಳು:
"ಅಭಿಷೇಕ ಜೋರು!"

ಲಾಲ್‌ಬಾಗಿನಲ್ಲಿ ಮಾಲಿಯಾಗಿದ್ದ ಗುರುಮೂರ್ತಪ್ಪ
ಬಂದವನು ಹುಲ್ಲು ನೋಡಲಿಲ್ಲ,
ಬೀಡಿ ಹಚ್ಚಿ ನಾಯಿ ನೋಡಿದ.
ಗೇಟಿನಿಂದ ಸಂಪಿನ ಮುಚ್ಚಳಕ್ಕೆ,
ಮುಚ್ಚಳದಿಂದ ಮತ್ತೆ ಗೇಟಿಗೆ,
ಹಾಲಿನವನಿಗೊಂದು ಓಟ, ಬೆಕ್ಕಿಗೊಂದು ಓಟ.
"ದಾರಿ ಅದೇ ಹಾಕೈತಲ್ಲಮ್ಮ,
ನೀವು ಕಲ್ಲು ಹಾಸಿ, ಸಾಕು."

ಹಾಸಿದೆವು ಹನ್ನೊಂದು ಚಪ್ಪಡಿ,
ದಾಳಿಂಬೆ ಗಿಡದ ಹತ್ತಿರ
ವಿನಾಕಾರಣ ಒಂದು ತಿರುವು.
ಪೇಪರ್ ತರಲು ಹೋಗುವ ನಾನೂ ಈಗ
ಅಲ್ಲಿ ತಿರುಗಿಯೇ ಹೋಗುತ್ತೇನೆ.
ಹುಲ್ಲು ಚೇತರಿಸಿಕೊಳ್ಳುತ್ತಿದೆ.

ಬೋಂಡ ಮಾತ್ರ ನಿನ್ನೆಯಿಂದ,
ಕಲ್ಲು ಸುಡುತ್ತದೆಂದೋ ಏನೋ,
ಪಕ್ಕದಲ್ಲೇ
ಒಂದು ಗೇಣು ಬಿಟ್ಟು ಓಡುತ್ತಿದೆ.